ಇಂಡೀ ರಾಕ್ ಎಲ್ಲಿಂದ ಕೇಳಬೇಕು ಎಂಬ ಪ್ರಶ್ನೆಗೆ: ‘ಲೋ’ ಬ್ಯಾಂಡಿನಿಂದ

ನಮಸ್ಕಾರ. ಕಾಲೇಜಿನ ದಿನಗಳಲ್ಲಿ ನಿರ್ವಾಣ ಬ್ಯಾಂಡನ್ನು ಮೆಚ್ಚಿ ಕೇಳುತ್ತಿದ್ದ ನೀವು, ಬಹಳ ವರ್ಷಗಳ ಮೇಲೆ ಮತ್ತೆ ಆಲ್ಟರ್ನೇಟಿವ್ ಮತ್ತು ಇಂಡೀ ರಾಕ್, ಅಂದರೆ ದೊಡ್ಡ ಕಂಪನಿಗಳ ಜನಪ್ರಿಯ ಧಾಟಿಯಿಂದ ದೂರ ನಿಂತ ರಾಕ್ ಸಂಗೀತದ ಕಡೆಗೆ ಬಂದು, ಇಲ್ಲಿನವರು ಕೊಟ್ಟ ಪಟ್ಟಿಯಲ್ಲಿದ್ದ ಮೂವತ್ತು ಆಲ್ಬಂಗಳನ್ನು ಒಂದೇ ತಿಂಗಳಲ್ಲಿ ಮುಗಿಸಿ, ‘ಪದ ತಿಳಿಯುವುದಿಲ್ಲ, ಹಾಡುವವರಿಗೆ ಕಂಠವಿಲ್ಲ, ಉಳಿದದ್ದೆಲ್ಲ ಗದ್ದಲ, ಐದು ಸಾವಿರದ ಹೆಡ್‌ಫೋನ್ ಕೊಂಡರೆ ಸರಿಹೋದೀತೆ?’ ಎಂದು ಕೇಳಿದ್ದೀರಿ. ಹೆಡ್‌ಫೋನ್ ಸದ್ಯಕ್ಕೆ ಬೇಡ. ಪಟ್ಟಿಯನ್ನು ಪಕ್ಕಕ್ಕಿಡಿ. ಒಂದು ತಿಂಗಳು ಒಂದೇ ಬ್ಯಾಂಡನ್ನು ಕೇಳಿ. ಆ ಬ್ಯಾಂಡ್ ‘ಲೋ’ ಆಗಲಿ ಎಂಬುದು ನನ್ನ ಸಲಹೆ.

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಲೇಕ್ ಸುಪೀರಿಯರ್ ಸರೋವರದ ದಡದಲ್ಲಿರುವ ಡುಲೂತ್ ಎಂಬ ಚಳಿಯ ಊರಿನಲ್ಲಿ, 1993ರಲ್ಲಿ ಅಲನ್ ಸ್ಪಾರ್ಹಾಕ್ ಮತ್ತು ಮಿಮಿ ಪಾರ್ಕರ್ ಎಂಬ ಗಂಡಹೆಂಡತಿ ಕಟ್ಟಿದ ಬ್ಯಾಂಡ್ ಇದು. ರಾಕ್ ಎಂದರೆ ಕಿವಿಗಡಚಿಕ್ಕುವ ಗಿಟಾರ್ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ಅತ್ಯಂತ ನಿಧಾನವಾಗಿ, ಅತ್ಯಂತ ಮೆಲ್ಲಗೆ ನುಡಿಸಲು ಹೊರಟರು. ಮಿಮಿ ನಿಂತುಕೊಂಡೇ ಡ್ರಮ್ಸ್ ನುಡಿಸುತ್ತಿದ್ದರು. ಅವರ ಮುಂದೆ ಇರುತ್ತಿದ್ದದ್ದು ಎರಡು ಡ್ರಮ್ಮು, ಒಂದು ತಾಳತಟ್ಟೆ, ಅಷ್ಟೇ, ಮತ್ತು ಹೆಚ್ಚಿನ ವೇಳೆ ಕೋಲಿನ ಬದಲು ಬ್ರಷ್. ಮೊದಲ ಆಲ್ಬಂ ‘ಐ ಕುಡ್ ಲಿವ್ ಇನ್ ಹೋಪ್’ 1994ರಲ್ಲಿ ಬಂತು. ಅದರ ಹನ್ನೊಂದು ಹಾಡುಗಳಿಗೂ ಒಂದೊಂದೇ ಪದದ ಹೆಸರು. ವಿಳಂಬ ಲಯಕ್ಕೆ ಒಗ್ಗಿದ ನಮ್ಮಂಥವರ ಕಿವಿಗೆ ಈ ನಿಧಾನ ಪರಕೀಯವೆನಿಸಬಾರದು, ಆದರೂ ನನಗೆ ಮೊದಲು ಹಾಗೆಯೇ ಅನಿಸಿತ್ತು.

ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟ ಆ ಆಲ್ಬಮನ್ನು ಎರಡು ಸಲ ಕೇಳಿ, ಏನೂ ನಡೆಯುವುದೇ ಇಲ್ಲವಲ್ಲ ಎಂದು ಬೇಸರಪಟ್ಟು ನಾಲ್ಕು ತಿಂಗಳು ಅತ್ತ ತಿರುಗಿ ನೋಡಿರಲಿಲ್ಲ. ಒಂದು ರಾತ್ರಿ ಕೆಲಸ ಮಾಡುತ್ತಾ ಅದನ್ನೇ ಹಿನ್ನೆಲೆಗೆ ಹಾಕಿಕೊಂಡಿದ್ದಾಗ ಕರೆಂಟು ಹೋಯಿತು. ಫ್ಯಾನು ಸುತ್ತು ಕಡಿಮೆ ಮಾಡುತ್ತಾ ನಿಂತಿತು, ಪಕ್ಕದ ಮನೆಯ ಟೀವಿ ನಿಂತಿತು, ಬ್ಯಾಟರಿಯ ಮೇಲಿದ್ದ ಲ್ಯಾಪ್‌ಟಾಪ್ ಮಾತ್ರ ಹಾಡುತ್ತಲೇ ಇತ್ತು. ಆ ಕತ್ತಲಲ್ಲಿ, ಡ್ರಮ್ಮಿನ ತೊಗಲಿನ ಮೇಲೆ ಬ್ರಷ್ ಸವರಿಕೊಂಡು ಹೋಗುವ ಸದ್ದು, ಅಕ್ಕಿ ಕೇರುವಾಗ ಮೊರದಲ್ಲಿ ಏಳುವಂಥ ಸದ್ದು, ನನಗೆ ಮೊದಲ ಬಾರಿ ಕೇಳಿಸಿತು. ಅದು ಅಷ್ಟು ದಿನವೂ ಅಲ್ಲಿಯೇ ಇತ್ತು. ನನ್ನ ಫ್ಯಾನು ಅದನ್ನು ನುಂಗಿಹಾಕಿತ್ತು. ಸುಮಾರು ಹತ್ತು ನಿಮಿಷ ಉದ್ದದ ಆರನೆಯ ಹಾಡು ಮುಗಿಯುವವರೆಗೆ ಕುಳಿತಲ್ಲಿಂದ ಏಳಲಿಲ್ಲ.

ಆದ್ದರಿಂದ ಹೊಸ ಸಲಕರಣೆಗೆ ದುಡ್ಡು ಹಾಕುವ ಮೊದಲು ಇರುವುದರಲ್ಲೇ ಕೆಲವು ಕೆಲಸ ಮಾಡಿ. ಹತ್ತು ಗಂಟೆಯ ಮೇಲೆ ಫ್ಯಾನು ಆರಿಸಿ ಕೇಳಿ. ಮೊಬೈಲಿನ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಗಿಟಾರ್ ಇಲ್ಲವೇ ಇಲ್ಲವೆನ್ನುವಷ್ಟು ಸೊರಗುತ್ತದೆ. ಸಾಧಾರಣ ವೈರಿನ ಇಯರ್‌ಫೋನ್ ಸಾಕು. ಆ್ಯಪಿನಲ್ಲಿ ಹಾಡುಗಳ ಕ್ರಮ ಕಲಸುವ ಶಫಲ್ ಮತ್ತು ಒಂದು ಹಾಡಿನ ಕೊನೆಯನ್ನು ಇನ್ನೊಂದರ ಆರಂಭದೊಂದಿಗೆ ಬೆಸೆಯುವ ಕ್ರಾಸ್‌ಫೇಡ್ ಎರಡನ್ನೂ ನಿಲ್ಲಿಸಿ. ಎರಡು ಹಾಡುಗಳ ನಡುವಿನ ಮೌನವೂ ಈ ಆಲ್ಬಮಿನ ಭಾಗವೆಂದೇ ನಾನು ಕೇಳುತ್ತೇನೆ. ವಾಲ್ಯೂಮನ್ನು ಆಲ್ಬಮಿನ ಅತಿ ಜೋರಿನ ಭಾಗಕ್ಕೆ ಹೊಂದಿಸಿಟ್ಟು ಆಮೇಲೆ ಮುಟ್ಟಬೇಡಿ. ಮೆಲ್ಲಗಿನ ಜಾಗ ಬಂದಾಗ ಹೆಚ್ಚಿಸಬೇಕೆನಿಸುತ್ತದೆ, ಹೆಚ್ಚಿಸದೆ ಕಿವಿಯನ್ನೇ ಅತ್ತ ಬಾಗಿಸಿ.

ಪದಗಳ ಮಾತು. ನಾವು ಭಾವಗೀತೆ ಕೇಳಿ ಬೆಳೆದವರು. ನಮಗೆ ಮೊದಲು ಕವಿತೆ, ಆಮೇಲೆ ರಾಗ. ಪದವೊಂದು ಸ್ಪಷ್ಟವಾಗದಿದ್ದರೆ ಗಾಯಕರದೇ ತಪ್ಪು ಎನ್ನುತ್ತೇವೆ. ಈ ಸಂಗೀತದಲ್ಲಿ ಅನೇಕರು ಬೇಕೆಂದೇ ದನಿಯನ್ನು ವಾದ್ಯಗಳ ನಡುವೆ ಇಳಿಸಿಡುತ್ತಾರೆ. ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನ ಆರ್.ಇ.ಎಂ. ಬ್ಯಾಂಡಿನ 1983ರ ಮೊದಲ ಪೂರ್ಣ ಆಲ್ಬಮ್ಮಿಗೆ ‘ಮರ್ಮರ್’, ಅಂದರೆ ಗೊಣಗು, ಎಂದೇ ಹೆಸರು. ಹಾಗಾಗಿ ಸಾಹಿತ್ಯವನ್ನು ಮೊದಲೇ ಹುಡುಕಿ ಓದಬೇಡಿ; ಮೂರು ಸಲ ಕೇಳಿದ ಮೇಲೆ ಓದಿ. ಲೋ ಬ್ಯಾಂಡಿನ 2001ರ ‘ಥಿಂಗ್ಸ್ ವಿ ಲಾಸ್ಟ್ ಇನ್ ದ ಫೈರ್’ ಆಲ್ಬಮಿನ ಕೊನೆಯ ಹಾಡಿನಲ್ಲಿ ನನಗೆ ಬಹುಕಾಲ ಕೇಳಿಸಿದ್ದು ಲೋಹ ಎಂಬರ್ಥದ ಒಂದು ಪದ ಮಾತ್ರ. ಅಲ್ಲಿನ ಕೆಲವರು ಮಗುವಿನ ಮೊದಲ ಬೂಟಿಗೆ ಲೋಹದ ಲೇಪ ಮಾಡಿಸಿ ನೆನಪಿಗೆ ಇಟ್ಟುಕೊಳ್ಳುತ್ತಾರಂತೆ. ಹಾಗೆಯೇ ನಿನ್ನ ಪುಟ್ಟ ಮೈಯನ್ನೂ ಬೆಳೆಯಗೊಡದೆ ಲೋಹದಲ್ಲಿ ಇಟ್ಟುಕೊಳ್ಳುವಂತಿದ್ದರೆ ಎಂದು ತಾಯಿ ಮಗುವಿಗೆ ಹೇಳುವ ಹಾಡು ಅದು ಎಂದು ತಿಳಿದ ದಿನ, ಬೀರು ತೆಗೆದು ನನ್ನ ಮಗಳ ಬೆಳ್ಳಿಯ ಕಾಲ್ಗೆಜ್ಜೆಯನ್ನು ಕೈಯಲ್ಲಿ ಹಿಡಿದುಕೊಂಡೆ. ಈಗ ಅದು ಅವಳ ಕೈಗೂ ಬಿಗಿ. ಪದಗಳನ್ನು ಮೊದಲ ದಿನವೇ ಓದಿದ್ದರೆ ಆ ಹಾಡು ನನ್ನನ್ನು ಹೀಗೆ ಹಿಡಿಯುತ್ತಿರಲಿಲ್ಲ.

ಕಂಠವಿಲ್ಲ ಎಂದಿರಿ. ಗಮಕವಿಲ್ಲ ಎನ್ನಿ, ಒಪ್ಪುತ್ತೇನೆ. ಆದರೆ ಇಲ್ಲಿ ಕಿವಿಗೆ ಬೇರೆಯದೇ ಅಭ್ಯಾಸ ಬೇಕು. ನಮ್ಮ ಯುಗಳ ಗೀತೆಗಳಲ್ಲಿ ಇಬ್ಬರೂ ಹೆಚ್ಚಾಗಿ ಸರದಿಯ ಮೇಲೆ ಹಾಡುತ್ತಾರೆ, ಕೂಡಿದಾಗ ಒಂದೇ ಸ್ವರ ಹಿಡಿಯುತ್ತಾರೆ. ಅಲನ್ ಮತ್ತು ಮಿಮಿ ಒಂದೇ ಪದವನ್ನು ಒಂದೇ ಗಳಿಗೆಯಲ್ಲಿ ಎರಡು ಬೇರೆ ಸ್ವರಗಳಲ್ಲಿ ಹಾಡುತ್ತಾರೆ. ಇದನ್ನು ಒಟ್ಟಾಗಿ ಕೇಳಿದರೆ ಒಂದು ಮಸುಕು ದನಿಯಂತೆ ಕೇಳಿಸುತ್ತದೆ. ಒಂದು ರಾತ್ರಿ ಮಿಮಿಯ ದನಿಯನ್ನು ಮಾತ್ರ ಬೆನ್ನುಹತ್ತಿ, ಮರುದಿನ ಅಲನ್‌ರದನ್ನು ಮಾತ್ರ. ಮೂರನೆಯ ದಿನ ಎರಡೂ ತಾವಾಗಿಯೇ ಕೂಡಿಕೊಳ್ಳುತ್ತವೆ, ಮತ್ತು ಅವು ಕೂಡುವ ಜಾಗದಲ್ಲಿ ಎರಡಕ್ಕೂ ಸೇರದ ಮೂರನೆಯ ದನಿಯೊಂದು ಹುಟ್ಟಿದಂತೆ ನನಗಂತೂ ಕೇಳಿಸುತ್ತದೆ. ಮಿಮಿಯ ದನಿಯಲ್ಲಿ ಅಲುಗಾಟ ಬಹಳ ಕಡಿಮೆ. ಗಾಳಿ ಬೀಸದ ಜಾಗದಲ್ಲಿಟ್ಟ ದೀಪದ ಹಾಗೆ ನೇರವಾಗಿ ನಿಲ್ಲುತ್ತದೆ. ಅದನ್ನು ಕಂಠವಲ್ಲ ಎನ್ನಲು ನನಗೆ ಸಾಧ್ಯವಿಲ್ಲ.

ನಿಮಗೆ ಪರಿಚಿತವಾದ ನಿರ್ವಾಣದಿಂದ ಇಲ್ಲಿಗೊಂದು ಸೇತುವೆಯೂ ಇದೆ. ಅವರ ‘ಇನ್ ಯೂಟೆರೊ’ ಆಲ್ಬಮನ್ನು 1993ರ ಫೆಬ್ರವರಿಯಲ್ಲಿ ಇದೇ ಮಿನೆಸೋಟದ ಸ್ಟುಡಿಯೊ ಒಂದರಲ್ಲಿ ಧ್ವನಿಮುದ್ರಿಸಿದವರು ಸ್ಟೀವ್ ಅಲ್ಬಿನಿ. ಮೇಲೆ ಹೇಳಿದ 2001ರ ಆಲ್ಬಂ ಕೂಡ ಅವರದೇ ಮುದ್ರಣ. ಆಲ್ಬಂ ಎಷ್ಟು ಮಾರಾಟವಾದರೂ ತನಗೆ ಅದರಲ್ಲಿ ಪಾಲು ಬೇಡ, ಪ್ಲಂಬರಿಗೆ ಕೊಡುವ ಹಾಗೆ ಕೆಲಸಕ್ಕೆ ಕೂಲಿ ಕೊಟ್ಟರೆ ಸಾಕು ಎಂದು ನಿರ್ವಾಣಕ್ಕೆ ಕಾಗದ ಬರೆದಿದ್ದ ಮನುಷ್ಯ ಅವರು. 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಮುದ್ರಣಗಳಲ್ಲಿ ಡ್ರಮ್ಮಿನ ಜೊತೆಗೆ ಡ್ರಮ್ಮಿರುವ ಕೋಣೆಯೂ ಕೇಳಿಸುತ್ತದೆ. ‘ಇನ್ ಯೂಟೆರೊ’ದಿಂದ ಹತ್ತು ನಿಮಿಷ ಕೇಳಿ, ಕೂಡಲೇ ಲೋ ಆಲ್ಬಮನ್ನು ಹಾಕಿ. ಒಂದು ಅಬ್ಬರ, ಇನ್ನೊಂದು ಪಿಸುಮಾತು, ಆದರೆ ಎರಡರಲ್ಲೂ ಪೆಟ್ಟು ಬಿದ್ದ ಮೇಲೆ ಗೋಡೆ ಮುಟ್ಟಿ ಮರಳುವ ಗಾಳಿಯನ್ನು ಗುರುತಿಸಬಹುದು.

‘ಡಬಲ್ ನೆಗೆಟಿವ್’ ಎಂಬ 2018ರ ಆಲ್ಬಮನ್ನು ಮಾತ್ರ ಕಡೆಗೆ ಇಟ್ಟುಕೊಳ್ಳಿ. ಅದು ಬಂದ ವಾರ ಕೇಳಲು ಕುಳಿತಾಗ, ಮೊದಲ ನಿಮಿಷದಿಂದಲೇ ಸದ್ದು ಕೊರಕೊರ ಎಂದು ಹರಿದು, ಉಬ್ಬಿ ಇಳಿಯುತ್ತಿತ್ತು. ಕೇಬಲ್ ಕೆಟ್ಟಿತೆಂದು ಪಿನ್ನನ್ನು ತೆಗೆದು ಒರೆಸಿ ಹಾಕಿದೆ, ಬೇರೆ ಇಯರ್‌ಫೋನ್ ತಂದೆ, ಕೊನೆಗೆ ಹಳೆಯ ಹಾಡೊಂದನ್ನು ಹಾಕಿ ನೋಡಿದೆ. ಅದು ಶುದ್ಧವಾಗಿಯೇ ಇತ್ತು. ನಿರ್ಮಾಪಕ ಬಿ.ಜೆ. ಬರ್ಟನ್ ಜೊತೆಗೂಡಿ, ತಮ್ಮದೇ ಹಾಡುಗಾರಿಕೆಯನ್ನು ಯಂತ್ರದೊಳಗೆ ಹಾಕಿ ಚೂರುಮಾಡಿ, ಆ ಚೂರುಗಳ ನಡುವಿನಿಂದ ಅದೇ ಎರಡು ದನಿಗಳು ಮೇಲೇಳುವ ಹಾಗೆ ಕಟ್ಟಿದ್ದರು. ಇಪ್ಪತ್ತೈದು ವರ್ಷ ಮೆಲ್ಲಗೆ ಹಾಡಿ ಹೆಸರಾದವರು ಆ ಹೆಸರನ್ನೇ ಪಣಕ್ಕಿಟ್ಟ ಆಲ್ಬಂ ಅದು. ಹಳೆಯ ಆಲ್ಬಂಗಳ ಪರಿಚಯವಿಲ್ಲದೆ ಕೇಳಿದರೆ ನೀವು ಹೇಳಿದ ಗದ್ದಲವೇ ಕೇಳಿಸೀತು. 2021ರ ‘ಹೇ ವಾಟ್’ ಅವರ ಕೊನೆಯದಾಯಿತು. ಮಿಮಿ 2022ರ ನವೆಂಬರ್ 5ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ಮೊದಲ ಆಲ್ಬಮನ್ನು ಹಾಕಲು ನನಗೆ ಹಲವು ವಾರ ಧೈರ್ಯ ಬರಲಿಲ್ಲ.

ನಾಲ್ಕು ವಾರಕ್ಕೆ ಈ ಕ್ರಮ ಇಟ್ಟುಕೊಳ್ಳಿ: ಮೊದಲ ಎರಡು ವಾರ 1994ರದು ಮಾತ್ರ, ಮೂರನೆಯ ವಾರ 2001ರದು, ನಾಲ್ಕನೆಯ ವಾರ 2018ರದು. ಯಾವುದಾದರೂ ಹಿಡಿಸಿದರೆ ಸಂಗೀತ ಮಾರುವ ಜಾಲತಾಣವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿಯೋ ಬೇರೆಡೆಯೋ ದುಡ್ಡು ಕೊಟ್ಟು ಕೊಳ್ಳಿ. ಹೆಡ್‌ಫೋನಿಗೆಂದು ಎತ್ತಿಟ್ಟ ಐದು ಸಾವಿರದಲ್ಲಿ ಇಂಥ ಕೆಲವು ಆಲ್ಬಂಗಳು ಬರುತ್ತವೆ. ಮೊದಲ ವಾರ ಬ್ರಷ್ಷಿನ ಸದ್ದು ನಿಮಗೆ ಯಾವ ಹಾಡಿನಲ್ಲಿ ಮೊದಲು ಕೇಳಿಸಿತೆಂದು ಇಲ್ಲಿಯೇ ಬರೆಯಿರಿ, ಅಲ್ಲಿಂದ ಮುಂದೆ ಮಾತಾಡೋಣ.