ಥಾರ್ ಮರುಭೂಮಿಯ ವ್ಯಾಪಾರ ದಾರಿ: ನೀರಿನ ಜಾಡು ಹಿಡಿದು ನೋಡಿ

ಬೆಂಗಳೂರಿನಿಂದ ಹೊರಟು ಥಾರ್ ಮರುಭೂಮಿಯ ಹಳೆಯ ವ್ಯಾಪಾರ ದಾರಿ ನೋಡಬೇಕು, ಒಂಟೆ ಸವಾರಿ, ಟೆಂಟು ಬಿಟ್ಟು ಅಲ್ಲಿ ಇತಿಹಾಸ ಏನಾದರೂ ಉಳಿದಿದೆಯಾ ಅಂತ ಕೇಳಿದ್ದೀರಿ. ತುಂಬಾ ಉಳಿದಿದೆ. ನೀರಿನ ಜಾಡು ಹಿಡಿದು ಹೋಗಿ. ಈಗ ಪಾಕಿಸ್ತಾನದಲ್ಲಿರುವ ಸಿಂಧ್, ಮುಲ್ತಾನ್ ಕಡೆಯ ಒಂಟೆ ಸಾಲುಗಳು ನೀರಿದ್ದ ಕಡೆಯೇ ತಂಗುತ್ತಿದ್ದವು. ಸಂತೆ, ಗುಡಿ, ಸುಂಕದ ಕಟ್ಟೆ ಎಲ್ಲ ಅಲ್ಲೇ ಹುಟ್ಟಿದವು.

ನಾನು ಮೆಜೆಸ್ಟಿಕ್‌ನಿಂದ ಜೋಧಪುರದ ರೈಲು ಹಿಡಿದೆ. ಮೊದಲು ಓಸಿಯಾ ನೋಡಿ, ಜೋಧಪುರದಿಂದ ಸುಮಾರು 65 ಕಿ.ಮೀ. ಅಲ್ಲಿ 8ನೇ ಶತಮಾನದಷ್ಟು ಹಳೆಯ ಗುಡಿಗಳಿವೆ. ನಮ್ಮ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಓಸ್ವಾಲ್ ಜೈನರು ತಮ್ಮ ಮೂಲ ಊರು ಇದೇ ಎನ್ನುತ್ತಾರೆ. ಅಲ್ಲಿಗೆ ಹೋಗಿ ಬನ್ನಿ ಎಂದು ನನಗೆ ಹೇಳಿದವರೂ ಅಂಥ ಒಬ್ಬ ಅಂಗಡಿ ಯಜಮಾನರೇ.

ಆಮೇಲೆ ಜೈಸಲ್ಮೇರ್. ಅಲ್ಲಿನ ದೊರೆ ರಾವಲ್ ಜೈಸಲ್ 1156ರಲ್ಲಿ ಕೋಟೆ ಕಟ್ಟಿಸುವ ಮೊದಲು ರಾಜಧಾನಿ ಹತ್ತಿರದ ಲೋದ್ರವಾ ಆಗಿತ್ತು. ಈಗ ಅಲ್ಲಿ ಒಣಗಿದ ಹೊಳೆ ಇದೆ, ಮತ್ತೆ ಎಬ್ಬಿಸಿದ ಸುಂದರ ಜೈನ ಗುಡಿ ಇದೆ. ಇನ್ನೊಂದು ದಿಕ್ಕಿಗೆ ಕುಲಧರಾ. ಒಂದೇ ರಾತ್ರಿಯಲ್ಲಿ ಖಾಲಿಯಾದ ದೆವ್ವದ ಊರು ಅಂತ ಗೈಡುಗಳು ಹೇಳುತ್ತಾರೆ. ಆ ಕಥೆಗಿಂತ ಅಲ್ಲಿದ್ದ ಪಾಲಿವಾಲ್ ಬ್ರಾಹ್ಮಣರ ಕೆಲಸ ನನಗೆ ದೊಡ್ಡದಾಗಿ ಕಂಡಿತು. ವರ್ಷಕ್ಕೆ 200 ಮಿ.ಮೀ. ಮಳೆಯೂ ಸರಿಯಾಗಿ ಬಾರದ ನೆಲ ಅದು. ಅವರು ಇಳಿಜಾರಿಗೆ ಅಡ್ಡವಾಗಿ ನಮ್ಮ ಕೆರೆ ಏರಿಯಂತೆ ಮಣ್ಣಿನ ದಿಣ್ಣೆ ಹಾಕಿ ಮಳೆನೀರು ನಿಲ್ಲಿಸುತ್ತಿದ್ದರು. ನೀರು ಇಂಗಿದ ಮೇಲೆ ಆ ಅಂಗಳದಲ್ಲೇ ಗೋಧಿ, ಕಡಲೆ ಬಿತ್ತುತ್ತಿದ್ದರು. ಇದಕ್ಕೆ ಖಡೀನ್ ಎನ್ನುತ್ತಾರೆ. ಆ ಕಡೆ ಇಂದಿಗೂ ಖಡೀನ್‌ಗಳಲ್ಲಿ ಬೆಳೆ ತೆಗೆಯುತ್ತಾರೆ. ದಾರಿಯುದ್ದಕ್ಕೂ ಊಟ ಹುಟ್ಟಿದ್ದು ಹೀಗೆ, ಅಲ್ವಾ?

ಕೋಟೆಯೊಳಗಿನ ಜೈನ ಗುಡಿಗಳಲ್ಲಿ ಜ್ಞಾನ ಭಂಡಾರ ಬಿಡಬೇಡಿ. 15ನೇ ಶತಮಾನದಲ್ಲಿ ಜೈನ ಮುನಿ ಜಿನಭದ್ರಸೂರಿ ಕಟ್ಟಿ ಬೆಳೆಸಿದ ಪುಸ್ತಕ ಭಂಡಾರ ಅದು. 11ನೇ ಶತಮಾನದ ಓಲೆಗರಿಗಳೂ ಅಲ್ಲಿವೆ. ಮೂಡುಬಿದಿರೆಯಲ್ಲಿರುವ ಧವಲಾ ಎಂಬ ಹಳೆಯ ಜೈನ ಗ್ರಂಥದ ಓಲೆಗರಿಗಳ ಬಗ್ಗೆ ಓದಿದವರಿಗೆ ಅಲ್ಲಿ ಮೈ ಜುಮ್ಮೆನ್ನುತ್ತದೆ. ಅಲ್ಲಿನವರು ಶ್ವೇತಾಂಬರರು, ಇಲ್ಲಿನವರು ದಿಗಂಬರರು, ಆದರೆ ಎರಡೂ ಕಡೆ ವ್ಯಾಪಾರದ ದುಡ್ಡು ಪುಸ್ತಕ ಕಾಪಾಡಿದೆ. ಇನ್ನೂ ಒಂದು ಮಾತು. ಓಲೆ ಕೊಡುವ ಶ್ರೀತಾಳೆ ಮರ ಮರಳಲ್ಲಿ ಬೆಳೆಯುವುದಿಲ್ಲ. ಅದು ನಮ್ಮ ಕರಾವಳಿ, ಮಲಬಾರ್ ಕಡೆಯ ಮರ. ಬರೆಯುವ ಗರಿಯೇ ದೂರದಿಂದ ಸರಕಾಗಿ ಬಂದಿತ್ತು.

ಜೈಸಲ್ಮೇರ್ ವ್ಯಾಪಾರಿಗಳ ದೊಡ್ಡ ಮನೆ ಪಟವೋಂ ಕೀ ಹವೇಲಿ ಎಲ್ಲರೂ ತೋರಿಸುತ್ತಾರೆ. ಅದರ ಕಲ್ಲಿನ ಕೆತ್ತನೆಯ ಹಿಂದಿನ ಶ್ರೀಮಂತಿಕೆಯಲ್ಲಿ ಅಫೀಮಿನ ಪಾಲೂ ಇದೆ. 19ನೇ ಶತಮಾನದ ಆರಂಭದಲ್ಲಿ ಮಧ್ಯ ಭಾರತದ ಮಾಳವದ ಅಫೀಮು ಈ ದಾರಿಯಲ್ಲೇ ಕರಾಚಿಗೆ ಹೋಗುತ್ತಿತ್ತು. 1843ರಲ್ಲಿ ಬ್ರಿಟಿಷರು ಸಿಂಧ್ ಹಿಡಿದರು, ಆ ಸರಕು ಬೊಂಬಾಯಿಗೆ ತಿರುಗಿತು. 1947ರ ಗಡಿ ಉಳಿದದ್ದನ್ನೂ ಕಡಿದುಹಾಕಿತು.

ಇಲ್ಲಿನ ಹಾಡುಗಾರ ಸಮುದಾಯ ಮಂಗಣಿಯಾರರ ಹಾಡನ್ನು ಟೆಂಟಿನ ಮೈಕಿನಲ್ಲಿ ಕೇಳಬೇಡಿ, ಅವರ ಊರಿಗೇ ಹೋಗಿ ಕೇಳಿ. ಇವರು ಮುಸ್ಲಿಮರು. ಹಿಂದೂ ಯಜಮಾನರ ಮನೆಯ ಮದುವೆ, ಹೆರಿಗೆಗೆ ತಲೆಮಾರುಗಳಿಂದ ಹಾಡುತ್ತಾ, ಆ ಮನೆಗಳ ವಂಶಾವಳಿಯನ್ನೂ ನೆನಪಿಟ್ಟವರು. ಕಮಾನು ಎಳೆದು ನುಡಿಸುವ ತಂತಿವಾದ್ಯ ಕಮಾಯಚಾ ನುಡಿಸುವ ಹಿರಿಯರು ಸಿಕ್ಕರೆ ಸಂಭಾವನೆ ಕೈಯಲ್ಲೇ ಕೊಡಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕೋಟೆಯ ಗುಡಿಗಳಿಗೆ ಬೆಳಗ್ಗೆಯೇ ಹೋಗಿ. ದುಡ್ಡು ಉಳಿಸಬೇಕಿದ್ದರೆ ಮರಳು ದಿಬ್ಬದ ಟೆಂಟು ಬಿಟ್ಟುಬಿಡಿ, ಆ ದಿನವನ್ನು ಲೋದ್ರವಾ, ಖಡೀನ್ ನೋಡಲು ಇಟ್ಟುಕೊಳ್ಳಿ.