ಅದೇ ವಾಕ್ಯವನ್ನು ಗಟ್ಟಿಯಾಗಿ ಹೇಳಬೇಡಿ

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೇನೆ. ಇಂಗ್ಲೆಂಡಿನ ಗ್ರಾಹಕರ ಜೊತೆ ಫೋನಿನಲ್ಲಿ ಮಾತನಾಡುವಾಗ ಅವರು 'ಸಾರಿ?' ಎಂದು ಕೇಳಿದರೆ ಕೈಕಾಲು ತಣ್ಣಗಾಗುತ್ತದೆ. ಅದೇ ವಾಕ್ಯವನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ. ಮತ್ತೆ 'ಸಾರಿ?' ಬರುತ್ತದೆ. ನನ್ನ ವ್ಯಾಕರಣ ಅಷ್ಟು ಕೆಟ್ಟದಾಗಿದೆಯೇ?

ಉತ್ತರ: ವ್ಯಾಕರಣದ ತಂಟೆಗೆ ಸದ್ಯಕ್ಕೆ ಹೋಗುವುದು ಬೇಡ. 'ಸಾರಿ?' ಎನ್ನುವುದು ನಿಮ್ಮ ಇಂಗ್ಲಿಷಿಗೆ ಯಾರೋ ಹಾಕಿದ ಅಂಕವಲ್ಲ. ಹನ್ನೆರಡು ಭಾಷೆಗಳ ದಿನನಿತ್ಯದ ಮಾತುಕತೆಯನ್ನು ಚಿತ್ರೀಕರಿಸಿ ಪರಿಶೀಲಿಸಿದ ಭಾಷಾಶಾಸ್ತ್ರಜ್ಞರ ತಂಡವೊಂದು 2015ರಲ್ಲಿ ವರದಿ ಪ್ರಕಟಿಸಿತು. ಸರಾಸರಿ ಒಂದೂವರೆ ನಿಮಿಷ ಕಳೆಯುವುದರೊಳಗೆ ಯಾರಾದರೊಬ್ಬರು 'ಹಾಂ?', 'ಏನು?', 'ಯಾರು?' ಎಂದು ಕೇಳಿಯೇ ಇರುತ್ತಾರೆ ಎಂದು ಅದರಲ್ಲಿದೆ. ಮಾತನಾಡುತ್ತಿದ್ದವರು ತಮ್ಮ ಮನೆಮಾತಿನಲ್ಲೇ, ತಮ್ಮವರ ಜೊತೆಯಲ್ಲೇ ಮಾತನಾಡುತ್ತಿದ್ದರು.

ಎಡವಟ್ಟಾಗುವುದು ಆಮೇಲೆ, ನೀವು ದನಿ ಏರಿಸಿದಾಗ. ಕೇಳಿಸದೆ ಇದ್ದವರಿಗೆ ಮಾತ್ರ ಅದರಿಂದ ಉಪಯೋಗ. ಅನೇಕ ಸಲ ಕೇಳಿಸಿರುತ್ತದೆ, ಆದರೆ ಒಂದು ಪದ ಗುರುತು ಸಿಕ್ಕಿರುವುದಿಲ್ಲ. ಒದ್ದೆ ಎಂಬ ಅರ್ಥದ ವೆಟ್, ಪಶುವೈದ್ಯ ಎಂಬ ಅರ್ಥದ ವೆಟ್ ಎರಡನ್ನೂ ನಾವು ಒಂದೇ 'ವ'ದಲ್ಲಿ ಮುಗಿಸುತ್ತೇವೆ. ಇಂಗ್ಲಿಷಿನವರಿಗೆ ಅವು ಬೇರೆ ಬೇರೆ ಅಕ್ಷರಗಳು. ನೀವು 'ವೆಂಡರ್' ಎಂದಾಗ ಅವರಿಗೆ ಅದು ಕೇಳರಿಯದ ಪದವಾಗಿ ತೋರಬಹುದು. ಮೂರನೆಯ ಸಲವೂ ಅದನ್ನೇ ಹೇಳುವ ಬದಲು ಆ ಪದವನ್ನೇ ಕೈಬಿಡಿ: 'ದ ಕಂಪನಿ ದಟ್ ಸಪ್ಲೈಸ್ ದ ಪಾರ್ಟ್ಸ್' ಎನ್ನಿ. ಒಂದು ಪದ ಹೋಗಿ ಆರು ಬಂದವು, ಬರಲಿ. ಕೆಲಸ ಆಯಿತಲ್ಲ.

ಇನ್ನು ಕೆಲವು ಸಲ ಪದಗಳೆಲ್ಲ ತಿಳಿದಿರುತ್ತವೆ, ಹೇಳಹೊರಟಿದ್ದು ಏನೆಂದು ಮಾತ್ರ ತಿಳಿಯುವುದಿಲ್ಲ. ಇಲ್ಲಿ ನಮ್ಮ ರೂಢಿಯೇ ಅಡ್ಡ ಬರುತ್ತದೆ. ನಿನ್ನೆ ಸರ್ವರ್ ಕೆಟ್ಟಿತ್ತು, ಆಮೇಲೆ ಅನುಮತಿ ಬರಲಿಲ್ಲ, ಅದಕ್ಕೇ ಪರೀಕ್ಷೆ ಇವತ್ತು ಶುರುವಾಯಿತು ಎಂದು ಕಾರಣದಿಂದ ಹೊರಟು ಕೊನೆಗೆ ವಿಷಯಕ್ಕೆ ಬರುತ್ತೇವೆ. ಕನ್ನಡದಲ್ಲಿ ಕೇಳುವವರು ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೂ ಕಾಯುವುದಕ್ಕೆ ಒಗ್ಗಿಹೋಗಿದ್ದಾರೆ. ಆ ಕಡೆಯವರು ಸರ್ವರ್ ಹತ್ತಿರವೇ ದಾರಿ ತಪ್ಪುತ್ತಾರೆ. 'ವಾಟ್ ಐ ಮೀನ್ ಈಸ್' ಎಂದು ಒಂದು ಗಳಿಗೆ ನಿಂತು, 'ಟೆಸ್ಟಿಂಗ್ ಸ್ಟಾರ್ಟೆಡ್ ಟುಡೇ' ಎಂದು ತಿರುಳನ್ನು ಮೊದಲು ಹೇಳಿಬಿಡಿ. ಕಾರಣ ಬೇಕಾದರೆ ಅವರೇ ಕೇಳುತ್ತಾರೆ. ಇದೊಂದನ್ನು ರೂಢಿಸಿಕೊಂಡರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಅವರು 'ಸಾರಿ?' ಎನ್ನದೆಯೇ ಕೆಡುವ ಜಾಗವೊಂದಿದೆ. ಗ್ರಾಹಕರು 'ಹ್ಯಾವನ್ಟ್ ಯು ಸೆಂಟ್ ದ ರಿಪೋರ್ಟ್?' ಎನ್ನುತ್ತಾರೆ. ವರದಿ ಕಳಿಸಿಲ್ಲವೇ ಎಂದರೆ ಕನ್ನಡದಲ್ಲಿ 'ಹೌದು, ಕಳಿಸಿಲ್ಲ' ಎನ್ನುತ್ತೇವೆ. ಅದೇ ಜಾಡಿನಲ್ಲಿ ನೀವು 'ಎಸ್' ಎಂದಿರಿ. ಅವರ ಲೆಕ್ಕದಲ್ಲಿ ವರದಿ ಹೋಯಿತು! ಸಂಜೆ ಅದು ಎಲ್ಲಿ ಎಂದು ಪತ್ರ ಬಂದಾಗ ಪೇಚಾಟ. ಬರೀ 'ಎಸ್' ಅಥವಾ 'ನೋ' ಹೇಳಿ ನಿಲ್ಲಿಸಬೇಡಿ. ಬಾಯಿ ತಪ್ಪಿ ಬಂದಿದ್ದರೆ ಕೂಡಲೇ 'ಸಾರಿ, ಐ ಮೀನ್, ಐ ಹ್ಯಾವನ್ಟ್ ಸೆಂಟ್ ಇಟ್ ಯೆಟ್' ಎಂದು ಪೂರ್ತಿ ವಾಕ್ಯ ಸೇರಿಸಿ.

ಹಾಗೆಯೇ 'ಡಿಡ್ ಯು ಅಂಡರ್‌ಸ್ಟ್ಯಾಂಡ್?' ಎನ್ನುವ ಮೇಷ್ಟರ ಧಾಟಿಯನ್ನು ಬಿಡಿ. ತಿಳಿಯದಿದ್ದರೆ ತಪ್ಪು ಕೇಳಿದವರದು ಎಂಬ ಧ್ವನಿ ಅದರಲ್ಲಿದೆ. 'ಡಸ್ ದಟ್ ಮೇಕ್ ಸೆನ್ಸ್?' ಎಂದರೆ ತಿಳಿಸುವ ಹೊಣೆ ನಿಮ್ಮ ಮೇಲೆಯೇ ಉಳಿಯುತ್ತದೆ.

ಪ್ರಶ್ನೆ: ನನ್ನದು ತದ್ವಿರುದ್ಧ ತೊಂದರೆ. ಅವರ ಮಾತೇ ನನಗೆ ಪೂರ್ತಿ ತಿಳಿಯುವುದಿಲ್ಲ. ಮತ್ತೆ ಮತ್ತೆ ಕೇಳಿದರೆ ದಡ್ಡಿ ಎಂದುಕೊಂಡಾರು ಎಂದು 'ಓಕೆ, ಓಕೆ' ಎಂದುಬಿಡುತ್ತೇನೆ. (ಮೈಸೂರಿನ ಓದುಗರೊಬ್ಬರು)

ಉತ್ತರ: ಆ 'ಓಕೆ'ಯ ಬಗ್ಗೆ ಒಂದು ಘಟನೆ ಹೇಳುತ್ತೇನೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಡಚ್ ವಿಮಾನವೊಂದರಿಂದ 'ವಿ ಆರ್ ನೌ ಅಟ್ ಟೇಕ್ ಆಫ್' ಎಂಬ ಮಾತು ಬಂತು. ವಿಮಾನ ಓಡತೊಡಗಿತ್ತು. ಹಾರುವ ಜಾಗದಲ್ಲಿ ನಿಂತು ಕಾಯುತ್ತಿದ್ದಾರೆ ಎಂದುಕೊಂಡ ನಿಯಂತ್ರಕರು 'ಓಕೆ' ಎಂದರು. ಅದರ ಹಿಂದೆಯೇ ಅವರು ಹೇಳಿದ 'ಕಾಯಿರಿ' ಎಂಬ ಮಾತು ಮತ್ತೊಂದು ರೇಡಿಯೋ ಸಂದೇಶದ ಗದ್ದಲದಲ್ಲಿ ಮುಳುಗಿತು. ರನ್‌ವೇಯಲ್ಲೇ ಇದ್ದ ಇನ್ನೊಂದು ವಿಮಾನಕ್ಕೆ ಇದು ಡಿಕ್ಕಿ ಹೊಡೆದು 583 ಜನ ಸತ್ತರು. ಕಾರಣಗಳು ಇನ್ನೂ ಇದ್ದವು, ಎಲ್ಲವನ್ನೂ ಆ ಒಂದು ಮಾತಿನ ತಲೆಗೆ ಕಟ್ಟಲಾಗದು. ಆದರೆ ಇಂದು ಪೈಲಟ್‌ಗಳು ಮುಖ್ಯ ಸೂಚನೆಗಳಿಗೆ ಬರೀ 'ಓಕೆ' ಎನ್ನುವಂತಿಲ್ಲ, ಕೇಳಿದ್ದನ್ನು ತಿರುಗಿ ಒಪ್ಪಿಸಲೇಬೇಕು. ಅವರನ್ನು ಯಾರೂ ದಡ್ಡರೆನ್ನುವುದಿಲ್ಲ.

ನೀವೂ ಹಾಗೆಯೇ ಒಪ್ಪಿಸಿ. ಬ್ರಿಟನ್ನಿನವರು 'ಹಾಫ್ ಸಿಕ್ಸ್' ಎಂದರೆ ಆರೂವರೆ. ಐದೂವರೆಯೇನೋ ಎಂಬ ಅನುಮಾನ ಬಂದರೆ 'ಸೋ, ಸಿಕ್ಸ್ ಥರ್ಟಿ?' ಎಂದು ಕೇಳಿ. ಫಿಫ್ಟೀನ್, ಫಿಫ್ಟಿ ಗೊಂದಲವಾದರೆ 'ಒನ್ ಫೈವ್?' ಎನ್ನಿ. ಅರ್ಧ ತಿಳಿದಿದ್ದರೆ ತಿಳಿದ ಅರ್ಧವನ್ನು ಹೇಳಿ ಉಳಿದದ್ದನ್ನಷ್ಟೇ ಕೇಳಿ: 'ಐ ಗಾಟ್ ದ ಡೇಟ್, ಬಟ್ ಹೂ ಈಸ್ ಸೆಂಡಿಂಗ್ ದ ಫೈಲ್?' ಗಮನವಿಟ್ಟು ಕೇಳುತ್ತಿದ್ದೀರಿ ಎಂಬುದು ಆ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. 'ವಾಟ್ ಡು ಯು ಮೀನ್?' ಎಂದು ಮಾತ್ರ ಒರಟಾಗಿ ಕೇಳಬೇಡಿ. ದನಿ ಸ್ವಲ್ಪ ಏರಿದರೂ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ. 'ಐ ಹ್ಯಾವ್ ಎ ಡೌಟ್' ಎನ್ನುವುದು ನಮ್ಮ ದೇಶದಲ್ಲಿ ನಡೆಯುತ್ತದೆ. ಅಲ್ಲಿ ಅವರ ಮಾತಿನ ಮೇಲೆ ನಿಮಗೆ ನಂಬಿಕೆಯಿಲ್ಲ ಎಂದಾದೀತು, 'ಐ ಹ್ಯಾವ್ ಎ ಕ್ವೆಶ್ಚನ್' ಸಾಕು.

ಪ್ರಶ್ನೆ: ಮಂಗಳೂರಿನಲ್ಲಿ ನರ್ಸ್ ಆಗಿದ್ದೇನೆ. ಬ್ರಿಟನ್ನಿಗೆ ಹೋಗಲು ಸಾಮಾನ್ಯ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಬರೆಯಬೇಕೋ, ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಬರೆಯಬೇಕೋ ಇನ್ನೂ ನಿರ್ಧರಿಸಿಲ್ಲ. ಮಾತಿನ ಪರೀಕ್ಷೆಯಲ್ಲಿ ನನ್ನ ವಾಕ್ಯವನ್ನು ನಾನೇ ತಿದ್ದಿಕೊಂಡರೆ ಅಂಕ ಹೋಗುತ್ತದೆಯೇ?

ಉತ್ತರ: ಅಪರೂಪಕ್ಕೆ ತಿದ್ದಿಕೊಂಡರೆ ಏನೂ ಆಗುವುದಿಲ್ಲ. ಐಇಎಲ್‌ಟಿಎಸ್‌ನಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಒಂಬತ್ತರ ಬ್ಯಾಂಡಿನ ವಿವರಣೆಯೂ ಅದಕ್ಕೆ ಅವಕಾಶ ಕೊಡುತ್ತದೆ. ಪ್ರತಿ ವಾಕ್ಯವನ್ನೂ ಹಿಂದಕ್ಕೆ ಎಳೆದು ತೇಪೆ ಹಾಕುತ್ತಾ ಕೂತರೆ ನಿರರ್ಗಳತೆಗೆ ಪೆಟ್ಟು ಬೀಳುತ್ತದೆ. ಪದ ನೆನಪಾಗದಾಗ ಬೇರೆ ಮಾತುಗಳಲ್ಲಿ ಹೇಳುವುದಕ್ಕಂತೂ ಅಲ್ಲಿ ಅಂಕವೇ ಇದೆ. ಸೌಟಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ತಡವರಿಸದೆ 'ದ ಬಿಗ್ ಸ್ಪೂನ್ ಯು ಸರ್ವ್ ಸಾಂಬಾರ್ ವಿತ್' ಎಂದು ಮುಂದೆ ಹೋಗಿ. ಪ್ರಶ್ನೆ ತಿಳಿಯದಿದ್ದರೆ ಕೇಳಲು ಸಂಕೋಚ ಬೇಡ. ಮೊದಲ ಭಾಗದಲ್ಲಿ ಪರೀಕ್ಷಕರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಓದಬಹುದಷ್ಟೆ, ಮೂರನೆಯ ಭಾಗದಲ್ಲಿ ಬೇರೆ ಮಾತಿನಲ್ಲಿಯೂ ಕೇಳಬಹುದು.

ನನ್ನನ್ನು ಕೇಳಿದರೆ ನಿಮಗೆ ಒಇಟಿ ಹೆಚ್ಚು ಹೊಂದುತ್ತದೆ. ಅಲ್ಲಿ ನೀವು ನರ್ಸ್, ಎದುರಿಗಿರುವವರು ರೋಗಿ ಅಥವಾ ಅವರ ಮನೆಯವರು. ಹೇಳಿದ್ದು ರೋಗಿಗೆ ತಲುಪಿತೇ ಎಂದು ಖಚಿತಪಡಿಸಿಕೊಳ್ಳುವುದನ್ನೂ ಮೌಲ್ಯಮಾಪನದಲ್ಲಿ ಗಮನಿಸುತ್ತಾರೆ. ವಾರ್ಡಿನಲ್ಲಿ ನೀವು ದಿನವೂ ಮಾಡುವ ಕೆಲಸವೇ ಅದು. 'ಓಕೆ?' ಎಂದು ಕೇಳಿ ಮುಗಿಸದೆ 'ಜಸ್ಟ್ ಟು ಚೆಕ್ ಐ ಎಕ್ಸ್‌ಪ್ಲೇನ್ಡ್ ಇಟ್ ಕ್ಲಿಯರ್ಲಿ, ಕುಡ್ ಯು ಟೆಲ್ ಮಿ ಹೌ ಯು ವಿಲ್ ಟೇಕ್ ದಿಸ್ ಟ್ಯಾಬ್ಲೆಟ್?' ಎಂದು ಕೇಳಿ, ರೋಗಿಯ ಬಾಯಿಂದಲೇ ಹೇಳಿಸಿ. ಅವರು ಊಟಕ್ಕೆ ಮೊದಲು ಎಂಬುದನ್ನು ಊಟದ ನಂತರ ಎಂದರೆ, ಆ ಒಂದು ತುಂಡನ್ನಷ್ಟೇ ಮತ್ತೆ ಹೇಳಿ.