ಪ್ರಸಂಗಪೀಠ ಬೇರೆ, ಖಾತೆ ಬೇರೆ

ಪ್ರಶ್ನೆ: ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ಅಪ್ಪ 30 ವರ್ಷದಿಂದ ಸ್ವತಂತ್ರ ಕ್ರೈಸ್ತ ಸಭೆ (ಯಾವ ದೊಡ್ಡ ಸಂಸ್ಥೆಗೂ ಸೇರದ ಚರ್ಚ್) ನಡೆಸುತ್ತಿದ್ದಾರೆ. ನಾನು ದಿನಾ ರೈಲಿನಲ್ಲಿ ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಹೋಗುವವನು. ಹೋದ ಭಾನುವಾರ ಆರಾಧನೆಯಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, ‘ಮುಂದೆ ನನ್ನ ಮಗನೇ ಪಾಸ್ಟರ್’ ಎಂದುಬಿಟ್ಟರು. 14 ವರ್ಷದಿಂದ ಅಪ್ಪನ ಜೊತೆಗೆ ಸೇವೆ ಮಾಡುತ್ತಿರುವ ಅಣ್ಣ (ಒಡಹುಟ್ಟಿದವರಲ್ಲ, ಸಭೆಯಲ್ಲಿ ಹಾಗೆ ಕರೆಯುತ್ತೇವೆ) ಅಂದಿನಿಂದ ಮುಖ ಕೊಟ್ಟು ಮಾತಾಡುತ್ತಿಲ್ಲ. ನನಗೆ ದೇವರಿಂದ ಆ ಸೇವೆಯ ಕರೆ ಇಲ್ಲ. ಬೇಡ ಅಂದರೆ ಅಪ್ಪ ಕುಸಿಯುತ್ತಾರೆ. ಇಬ್ಬರು ಅಕ್ಕಂದಿರಿದ್ದಾರೆ. ಸಭೆಯ ಜಾಗ ಅಪ್ಪನ ಹೆಸರಲ್ಲೇ ಇದೆ.

ಉತ್ತರ: ಕರೆ ಇಲ್ಲದಿದ್ದರೆ ಒಪ್ಪಬೇಡಿ. ಆದರೆ ‘ಬೇಡ’ ಅನ್ನುವ ಮುಂಚೆ ಮಾಡಬೇಕಾದ ಕೆಲಸವಿದೆ.

ಸ್ವತಂತ್ರ ಸಭೆಯ ಪಾಸ್ಟರಿಗೆ ಸಾಮಾನ್ಯವಾಗಿ ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಸೇವೆ ಬಿಟ್ಟರೆ ಕಾಣಿಕೆ ನಿಲ್ಲುತ್ತದೆ, ಎಷ್ಟೋ ಕಡೆ ಇರುವ ಮನೆಯನ್ನೂ ಬಿಡಬೇಕಾಗುತ್ತದೆ. ಮಗನೇ ಬಂದರೆ ಆ ಭಯವಿಲ್ಲ. ಅಪ್ಪನ ಘೋಷಣೆಯಲ್ಲಿ ಅರ್ಧ ಇದೇ ಇರಬಹುದು. ಸಭೆಯ ಹಿರಿಯರೊಂದಿಗೆ ಕೂತು, ಅಪ್ಪ ಅಮ್ಮ ಇರುವವರೆಗೆ ತಿಂಗಳಿಗೆ ಎಷ್ಟು, ವಾಸ ಎಲ್ಲಿ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ. ಬಾಯಿಮಾತು ಹೊಸ ಪಾಸ್ಟರ್ ಕಾಲಕ್ಕೆ ಉಳಿಯುವುದಿಲ್ಲ.

ನೀವು ಕೊನೆಗೆ ಸೇರಿಸಿದ ಸಾಲೇ ದೊಡ್ಡ ಗಂಟು. ಉಯಿಲಿಲ್ಲದೆ ಅಪ್ಪ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮನಿಗೆ ಮೂರರಲ್ಲೊಂದು ಪಾಲು, ಉಳಿದದ್ದು ನಿಮಗೂ ಅಕ್ಕಂದಿರಿಗೂ ಸಮಸಮ. ಸಭೆಯವರ ದಶಮಾಂಶದಲ್ಲಿ (ಆದಾಯದ ಹತ್ತರಲ್ಲೊಂದು ಕಾಣಿಕೆ) ಕೊಂಡ ಜಾಗವಾದರೂ ಕಾಗದದಲ್ಲಿರುವುದು ಅಪ್ಪನ ಹೆಸರು. (ಭಾವಂದಿರು ಬಾಯಿ ತೆರೆಯುವುದೂ ಆಗಲೇ.) ಅಪ್ಪ ಗಟ್ಟಿಯಾಗಿರುವಾಗಲೇ ಟ್ರಸ್ಟ್ ಡೀಡ್ ನೋಂದಾಯಿಸಿ, ಜಾಗವನ್ನು ದಾನಪತ್ರದಿಂದ ಟ್ರಸ್ಟಿಗೆ ಕೊಡಿಸಿ. ಪಂಚಾಯಿತಿ ನಿವೇಶನವಾದರೆ ಮೊದಲು ಇ-ಸ್ವತ್ತಿನ (ಪಂಚಾಯಿತಿ ಆಸ್ತಿಯ ಆನ್‌ಲೈನ್ ಖಾತೆ) ನಮೂನೆ 9, 11 ತೆಗೆಸಿ. ಅವಿಲ್ಲದೆ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ವಾಪಸ್ ಬರಬೇಕಾಗುತ್ತದೆ. ಒಂದೇ ಮನೆಯಿಂದ ಎಷ್ಟು ಟ್ರಸ್ಟಿಗಳಿರಬಹುದು, ಮುಂದಿನ ಪಾಸ್ಟರನ್ನು ಯಾರು ಆರಿಸಬೇಕು ಎಂಬುದು ಡೀಡಿನಲ್ಲೇ ಇರಲಿ.

ಬೈಬಲಿನಲ್ಲಿ ಮೋಶೆ ತನ್ನ ನಂತರದ ನಾಯಕನೆಂದು ಕೈಯಿಟ್ಟದ್ದು ಮಗನ ಮೇಲಲ್ಲ, ಜೊತೆಗಿದ್ದ ಯೆಹೋಶುವನ ಮೇಲೆ. ಅಪ್ಪ ಇದನ್ನು ಎಷ್ಟು ಸಲ ಪ್ರಸಂಗ ಮಾಡಿರುತ್ತಾರೋ! ನೀವು ವಚನ ತೆಗೆದು ವಾದಿಸಲು ಹೋಗಬೇಡಿ. ಹೇಳಿದ ಮಾತನ್ನು ಅವರೇ ಸಭೆಯ ಮುಂದೆ ಸರಿಪಡಿಸಲಿ, ನೀವಲ್ಲ.

ಅಣ್ಣನ ಮನೆಗೆ ಈ ವಾರವೇ ಹೋಗಿ, ಘೋಷಣೆ ನಿಮಗೂ ಗೊತ್ತಿರಲಿಲ್ಲ ಎಂದು ಹೇಳಿ. ಹಿರಿಯರು ಅವರನ್ನೇ ಆರಿಸಿದರೆ ಒಂದು ವರ್ಷದಲ್ಲಿ ಹಂತಹಂತವಾಗಿ ವಹಿಸಲಿ: ಮನೆಭೇಟಿ, ಆಮೇಲೆ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ), ಕೊನೆಗೆ ಚೆಕ್ಕಿನ ಸಹಿ. ಮದುವೆ ಮಾತ್ರ ಹಾಗಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪರವಾನಗಿ ವ್ಯಕ್ತಿಯ ಹೆಸರಿಗೆ, ಸಭೆಯ ಹೆಸರಿಗಲ್ಲ. ಅಧಿಕಾರವಿಲ್ಲದೆ ಮದುವೆ ಮಾಡಿಸಿದರೆ 10 ವರ್ಷದವರೆಗೂ ಸಜೆಯಿದೆ. ಅಣ್ಣ ಹೊಸದಾಗಿ ಅರ್ಜಿ ಹಾಕಿ ಪಡೆಯುವ ತನಕ, ಅಪ್ಪನಿಗೆ ಪರವಾನಗಿ ಇದ್ದರೆ ಅವರೇ ಮದುವೆ ಮಾಡಿಸಲಿ. ಅವರ ಕೈಯಲ್ಲೂ ಒಂದು ಕೆಲಸ ಉಳಿದಂತಾಗುತ್ತದೆ.